ಕೆಂಪು ಛತ್ರಿಯ ಕೆಳಗೆ

“ಅಕ್ಕ, ನೀವೇ ಹೇಳಿ. ಆ ಊರಲ್ಲಿ ಇದ್ದು ಬಂದೋರು ನೀವೊಬ್ರೇ ತಾನೆ?”

ಬಾಸ್ ಹೀಗೆ ಕೇಳಿದ್ದೇ ತಡ, ಎಲ್ಲರೂ ಬೀದಿಯಕ್ಕನ ಕಡೆ ತಿರುಗಿದರು. ಕಂಪ್ಯೂಟರ್ ಆಟಗಳಿಗೆ ರಸ್ತೆ, ಮನೆ, ಅಂಗಡಿಗಳನ್ನು ಕಟ್ಟಿಕೊಡುವುದು ಅವಳ ಕೆಲಸ. ಅದಕ್ಕೇ ಆಫೀಸಿನವರು ತಮಾಷೆಗೆ ಇಟ್ಟ ಹೆಸರದು. ಹೊಸ ಆಟ ಯಾವ ಊರಿನಲ್ಲಿ ನಡೆಯಬೇಕೆಂದು ಬೆಳಗಿನಿಂದ ಗುದ್ದಾಡಿ, ಕೊನೆಗೆ ಕ್ಯಾಲೆಂಡರುಗಳಲ್ಲೂ ಬಿಸ್ಕತ್ತಿನ ಡಬ್ಬಗಳ ಮೇಲೂ ಕಾಣುವ ಆ ಊರಿಗೇ ಬಂದು ನಿಂತಿದ್ದರು. ಇಷ್ಟು ದೊಡ್ಡ ಭೂಮಿಯಲ್ಲಿ ಇವರಿಗೆ ಅದೇ ಬೇಕಿತ್ತೆ! ಕೆಲಸಕ್ಕೆ ಸೇರುವಾಗ, ನಡುವೆ ಖಾಲಿ ಬಿದ್ದಿದ್ದ ಒಂದು ವರ್ಷ ಅಲ್ಲಿ ಕೆಲಸದಲ್ಲಿದ್ದೆ ಎಂದಿದ್ದಳು. ಅಲ್ಲಿದ್ದದ್ದು ನಿಜ, ಕೆಲಸ ಸುಳ್ಳು. ಸಿಕ್ಕಿಬಿದ್ದರೆ ಈ ಕೆಲಸವೂ ಹೋದಂತೆಯೇ.

“ಗಡಿಯಾರದ ಗೋಪುರದ ಹತ್ರ ಒಂದು ಬೀದಿ,” ಎಂದು ಶುರುಮಾಡಿದಳು. “ಟ್ರಾಮಿನ ಚಾವಣಿ ಮೇಲೆಲ್ಲ ಪಾರಿವಾಳದ ಹಿಕ್ಕೆ. ಎದುರುಮನೆ ಹೆಂಚಿನ ಮೇಲೆ ಬೆಕ್ಕು ಮಲಗಿರುತ್ತೆ. ಮೂಲೇಲಿ ದೊಡ್ಡ ಕೆಂಪು ಛತ್ರಿ, ಅದರ ಕೆಳಗೊಂದು ಅಂಗಡಿ.”

“ಏನಕ್ಕಾ ಇದು? ಎಲ್ಲಾ ಮೇಲಿಂದಾನೇ ನೋಡಿದ ಹಾಗಿದೆ! ಹಾರಾಡ್ಕೊಂಡೇ ಇದ್ರಾ?” ಎಂದನೊಬ್ಬ.

ಎಲ್ಲರೂ ಗೊಳ್ಳೆಂದು ನಕ್ಕರು. ಇನ್ನೊಂದು ಸುಳ್ಳು ಅವಳ ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ಒಣಗಿತು.

“ಅದು ಆಸ್ಪತ್ರೆ ಮಹಡಿ ಕಿಟಕಿಯಿಂದ ನೋಡಿದ್ದು. ಮಗಳ ಜೊತೆ ಇದ್ದೆ. ಕೆಲಸ ಗಿಲಸ ಏನೂ ಇರ್ಲಿಲ್ಲ, ನಿಮಗೆ ಸುಳ್ಳು ಹೇಳ್ದೆ.”

ನಗು ನಿಂತಿತು. “ಮಗಳು...?” ಎಂದ ಬಾಸ್. ಅವಳು ತಲೆಯಾಡಿಸಿದಳು, ಇಲ್ಲ ಎಂಬಂತೆ.

“ಛತ್ರಿ ಕೆಳಗೆ ಏನು ಮಾರ್ತಾರೆ ಅಂತ ದಿನಾ ಪಂದ್ಯ ಕಟ್ತಿದ್ವಿ. ನಾನು ಬೊಂಬೆ ಅಂದ್ರೆ ಅವಳು ಹಕ್ಕಿ ಅಂತಿದ್ಲು. ವಾಸಿಯಾದ್ಮೇಲೆ ಇಬ್ರೂ ಹೋಗಿ ನೋಡೋಣ, ನೀನೊಬ್ಳೇ ಹೋಗ್ಬಾರ್ದು ಅಂತ ಆಣೆ ಹಾಕಿಸ್ಕೊಂಡಿದ್ಲು. ಆಮೇಲೆ ಅವಳಿಲ್ದೆ ಹೋಗೋಕೆ ನನಗೆ ಕಾಲೇ ಬರ್ಲಿಲ್ಲ.”

“ಅಷ್ಟೇ ತಾನೆ ಅಕ್ಕ? ಈಗ್ಲೇ ನೋಡ್ಬಿಡೋಣ,” ಎಂದು ಪಕ್ಕದ ಪ್ರೋಗ್ರಾಮರ್ ಪಾಪ, ಒಳ್ಳೆಯ ಮನಸ್ಸಿನಿಂದಲೇ ಆ ಬೀದಿಯ ಫೋಟೋ ಹುಡುಕಲು ಕೀಲಿಮಣೆಗೆ ಕೈಹಾಕಿದ.

“ಬೇಡ!”

ಅವಳು ಕೂಗಿದ ರಭಸಕ್ಕೆ ಅವನ ಕೈ ಅಲ್ಲೇ ನಿಂತಿತು.

“ಮುಚ್ಚಪ್ಪ ಅದನ್ನ,” ಎಂದ ಬಾಸ್ ಮೆಲ್ಲಗೆ. ಆಮೇಲೆ ಅವಳ ಕಡೆ ತಿರುಗಿದ. “ಬೀದಿ ನೀವೇ ಕಟ್ಟಿ, ಅಕ್ಕ. ಛತ್ರಿ ಕೆಳಗೆ ಏನಿರ್ಬೇಕೋ ಅದನ್ನೇ ಇಡಿ.”

ಮರುದಿನ ಅವಳು ಪರದೆಯ ಮೇಲಿನ ನೋಟವನ್ನು ಮಹಡಿಯಿಂದ ಕೆಳಗಿಳಿಸಿದಳು. ಮಗುವಿನ ಕಣ್ಣಿನ ಎತ್ತರಕ್ಕೆ ತಂದು ನಿಲ್ಲಿಸಿ, ಕೆಂಪು ಛತ್ರಿಯವರೆಗೂ ನಿಧಾನವಾಗಿ ನಡೆಸಿಕೊಂಡು ಹೋದಳು. ಅದರ ನೆರಳಿನಲ್ಲಿ ಒಂದು ಹಸಿರು ಹಕ್ಕಿಯನ್ನು ಕೂರಿಸಿದಳು. ಅದರ ಪಕ್ಕದಲ್ಲಿ ಇನ್ನೊಂದನ್ನು.