ಲಕ್ಷ್ಮೇಶ್ವರ ಒಡೆಯದ ಪಿಡಿಎಫ್

ಎಲ್ಲಿಂದ ಶುರು ಮಾಡಲಿ, ಓದುಗರೇ? ಪಿಡಿಎಫ್ ಬಗ್ಗೆ ಕಥೆ ಎಂದರೆ ನೀವು ಪುಟ ತಿರುಗಿಸಿಬಿಡುತ್ತೀರಿ. ಅದಕ್ಕೇ ಮೊದಲ ಡ್ರಾಫ್ಟಿನಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಯ ಮೇಲೆ ಪರದೇಶದ ಬಾತುಗಳನ್ನು ಹಾರಿಸಿದ್ದೆ. ಈ ಕಥೆಯ ನಾಯಕಿ ನಜಮಾ ಓದಿ ಹೇಳಿದಳು: “ಹಕ್ಕಿ ಚಂದ ಅದಾವ್ರಿ. ಆದ್ರ ಕೋಡ್ ಅವೇನು ಬರದಾವೇನ್ರಿ?”

ಹಕ್ಕಿಗಳನ್ನು ಅಳಿಸಿದೆ.

೧.

ಗದಗ ಹೊಸ ಜಿಲ್ಲೆಯಾದ ವರ್ಷವೇ ಹುಟ್ಟಿದ ನಜಮಾ ಲಕ್ಷ್ಮೇಶ್ವರದವಳು. ದಿನಾ ಬಸ್ಸಿನಲ್ಲಿ ಗದಗಿಗೆ ಬಂದು ಗುರುರಾಜನ ಸಣ್ಣ ಸಾಫ್ಟ್‌ವೇರ್ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಕಟ್ಟಡದ ಗುತ್ತಿಗೆದಾರರ ಕರಾರುಗಳನ್ನು ಜೋಪಾನ ಮಾಡುವ ಸಾಫ್ಟ್‌ವೇರ್ ಅದು. ಅದರ ಎಪಿಐ ಕಟ್ಟಿದವಳು ಅವಳೇ. (ಬ್ಯಾಂಕಿನ ಕೌಂಟರ್ ಎಂದುಕೊಳ್ಳಿ. ಹೊರಗಿನಿಂದ ಕರಾರಿನ ನಂಬರು ಕೊಟ್ಟರೆ ಒಳಗಿನಿಂದ ಪಿಡಿಎಫ್ ಬರುತ್ತದೆ. ಇದಕ್ಕಿಂತ ಹೆಚ್ಚು ನನಗೂ ಗೊತ್ತಿಲ್ಲ.)

ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿಯೇ ಬರುತ್ತಿತ್ತು. ಅಷ್ಟರಲ್ಲಿ ಮಾಗಡಿಯ ಮಹಿಳಾ ಸಂಘದವರು ರೊಟ್ಟಿ ಕೇಂದ್ರ ಕಟ್ಟಿಸಲು ಹೊರಟರು. ಗುತ್ತಿಗೆ ಹಿಡಿಯಲಿದ್ದವರು ನಜಮಾಳ ಅಪ್ಪ ಖಾಜಾಸಾಬರು; ಕರಾರು ಮಗಳ ಸಾಫ್ಟ್‌ವೇರಿನಲ್ಲೇ ಆಗಬೇಕಿತ್ತು. ಸಂಘದ ಅಧ್ಯಕ್ಷೆ ತಾರಾಬಾಯಿ, ನಿವೃತ್ತ ಶಿಕ್ಷಕಿ, ನಜಮಾಳಿಗೆ ಫೋನಿನಲ್ಲೇ ಖಡಕ್ಕಾಗಿ ಹೇಳಿದರು:

“ಹಿಂದ ಒಮ್ಮೆ ಇಂಗ್ಲಿಷ್ ಕರಾರಿಗೆ ಸಹಿ ಹಾಕಿದ್ವಿ. ಅಡಗಿ ಮನಿ ಕಟ್ಟಿ ಕೊಟ್ರು, ಹೊಗಿ ಹೋಗಾಕ ಕಿಂಡಿನೇ ಇಲ್ಲ! ಕೇಳಿದ್ರ ಕರಾರಿನ್ಯಾಗ ಇಲ್ಲ ಅಂದ್ರು. ಈ ಸಲ ಕನ್ನಡದಾಗ ಕೊಡ್ರಿ. ನಮ್ಮ ಹೆಣ್ಮಕ್ಕಳು ಕುಂತು ಓದ್ತಾರ, ಆಮ್ಯಾಲೆ ಸಹಿ.”

ನಜಮಾ ಕನ್ನಡದಲ್ಲಿ ಕರಾರು ತುಂಬಿ ಪಿಡಿಎಫ್ ತೆಗೆದಳು. ಅಪ್ಪನ ವಿಳಾಸದಲ್ಲಿ ಲಕ್ಷ್ಮೇಶ್ವರ ಒಡೆದು ಚೂರಾಗಿತ್ತು! ಒತ್ತಕ್ಷರಗಳು ಕೆಳಗಿಳಿಯದೆ ಪಕ್ಕದಲ್ಲೇ ಸಾಲುಗಟ್ಟಿ ನಿಂತಿದ್ದವು. ಅಪ್ಪನ ಹೆಸರಿರಬೇಕಾದ ಜಾಗದಲ್ಲಿ ಬರೀ ಖಾಲಿ ಚೌಕಗಳು.

೨.

(ಇಲ್ಲಿ ಕರೆಂಟು ಹೋಯಿತು, ನಜಮಾ ಕತ್ತಲಲ್ಲಿ ಕುಳಿತು ಅತ್ತಳು ಎಂದು ಬರೆದಿದ್ದೆ.

“ನಾ ಯಾವಾಗ ಅತ್ತೇನ್ರಿ?”

“ಓದುಗರಿಗೆ ಸ್ವಲ್ಪ ಕನಿಕರ ಬರಲಿ ಅಂತ...”

“ಕನಿಕರ ಯಾರಿಗೆ ಬೇಕಾಗೇತಿ? ಸಿಟ್ಟು ಬಂದಿತ್ತು ಅಂತ ಬರೀರಿ.”)

ಸಿಟ್ಟು ಬಂದಿತ್ತು. ಗುರುರಾಜ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತ. ಕೆಟ್ಟವನಲ್ಲ. (ಕೆಟ್ಟವನಾಗಿದ್ದರೆ ನನ್ನ ಕೆಲಸ ಸುಲಭವಿತ್ತು.)

“ನಾಳೆ ಸಹಿ ಅದ, ನಜಮಾ. ವರ್ಡ್‌ನ್ಯಾಗ ಕೈಲೆ ಟೈಪ್ ಮಾಡಿ ಕೊಟ್ಟುಬಿಡು.”

“ಹಂಗ ಮಾಡಿದ್ರ ಇದೊಂದು ಕರಾರು ಆಗತೈತಿ ಸರ. ನಮ್ಮ ಎಪಿಐಗೆ ಕನ್ನಡ ಬರಂಗಿಲ್ಲ ಅನ್ನೂದು ಹಂಗ ಉಳೀತೈತಿ. ಮುಂದ ಶಿರಹಟ್ಟಿಯವರು, ಮುಂಡರಗಿಯವರು ಕೇಳಿದ್ರ?”

ಸಂಘದವರು ಹಿರೇವಡ್ಡಟ್ಟಿಯ ಇನ್ನೊಬ್ಬ ಗುತ್ತಿಗೆದಾರನನ್ನೂ ಮಾತಾಡಿಸಿಟ್ಟಿದ್ದರು. ತಡವಾದರೆ ಕೆಲಸ ಅತ್ತ ಹೋಗಬಹುದು. ಅದು ಗೊತ್ತಿದ್ದೇ ನಜಮಾ ಅಪ್ಪನಿಗೆ ಫೋನ್ ಮಾಡಿದಳು.

“ಅಬ್ಬಾ, ಸಹಿ ಸ್ವಲ್ಪ ಮುಂದ ಹಾಕಸ್ರಿ. ಕನ್ನಡ ಸರಿಯಾಗಿ ಬರವಲ್ದು.”

ಖಾಜಾಸಾಬರು ಕೇಳಿದರು:

“ಕೆಲಸ ಕೈಬಿಟ್ರ?”

“ಬಿಟ್ರ ನನ್ನ ಬೈರಿ.”

“ಗ್ವಾಡಿ ಸೊಟ್ಟ ಆದ್ರ ನಾನೂ ಕೆಡವೇ ಕಟ್ಟಾಂವ,” ಎಂದರು ಖಾಜಾಸಾಬರು. “ಮಾಡವಾ. ತಾರಾಬಾಯಾರ ಕೂಡ ನಾ ಮಾತಾಡ್ತೇನಿ.”

೩.

ಪಿಡಿಎಫ್ ಮಾಡುವ ಹಳೆಯ ಕೋಡಿನ ತುಣುಕಿಗೆ ಅಕ್ಷರಗಳನ್ನು ಇಟ್ಟಿಗೆಯಂತೆ ಒಂದರ ಪಕ್ಕ ಒಂದು ಇಡುವುದಷ್ಟೇ ತಿಳಿದಿತ್ತು, ಬೆಸೆಯುವುದು ತಿಳಿದಿರಲಿಲ್ಲ. ನಜಮಾ ಅದನ್ನು ಪೂರ್ತಿ ಕಿತ್ತಳು. ಕನ್ನಡದ ಒತ್ತು, ದೀರ್ಘಗಳನ್ನು ಬೆಸೆಯಬಲ್ಲ ಇನ್ನೊಂದನ್ನು ಕೂಡಿಸಿದಳು. ಯಾವ ಫೋನಿನಲ್ಲಿ ತೆರೆದರೂ ಚೌಕ ಕಾಣಬಾರದೆಂದು ಫಾಂಟನ್ನೂ ಪಿಡಿಎಫ್‌ನೊಳಗೇ ಸೇರಿಸಿದಳು. ಪರೀಕ್ಷೆಗೆ ಊರುಗಳ ಹೆಸರನ್ನೇ ಕಳಿಸಿದಳು. ಕಳಸಾಪುರ ಸಲೀಸಾಗಿ ಬಂತು. ಹಿರೇವಡ್ಡಟ್ಟಿಯ ಎರಡು ಒತ್ತುಗಳು ಒಂದಕ್ಕೊಂದು ಡಿಕ್ಕಿ ಹೊಡೆದವು. ಅದನ್ನೂ ತಿದ್ದಿದಳು. ಕೊನೆಗೆ ಲಕ್ಷ್ಮೇಶ್ವರ.

ಬಂತು. ಇಡಿಯಾಗಿ ಬಂತು! ಕ್ಷದ ಅಡಿಗೆ ಮ ನೆಟ್ಟಗೆ ಕೂತಿತ್ತು. ನಜಮಾ ಅದನ್ನು ದೊಡ್ಡದು ಮಾಡಿ, ಇನ್ನೂ ದೊಡ್ಡದು ಮಾಡಿ, ಪರದೆಯ ತುಂಬ ತನ್ನೂರನ್ನು ನೋಡುತ್ತ ಕುಳಿತಳು. ಗುರುರಾಜ ಹಿಂದಿನಿಂದ ಬಗ್ಗಿ ನೋಡಿ, “ಭಲೇ!” ಎಂದು ಇಡೀ ಆಫೀಸಿಗೆ ಚಹಾ ಹೇಳಿದ.

೪.

ಮುಂದೆ ಹಾಕಿಸಿದ್ದ ಸಹಿಯ ದಿನ ಅಪ್ಪ, ಮಗಳು ಮಾಗಡಿಗೆ ಹೋದರು. ತಾರಾಬಾಯಿ ಕರಾರನ್ನು ಜೋರಾಗಿ ಓದಿದರು. ಹೆಂಗಸರೆಲ್ಲ ಸುತ್ತ ಕೂತು ಕೇಳಿದರು. ನಡುವೆ ಒಂದು ಕಡೆ ತಾರಾಬಾಯಿ ನಿಂತರು.

“ಇಲ್ಲಿ ತಪ್ಪಾಗೇದ.”

ನಜಮಾ ಬಗ್ಗಿ ಒಡೆದ ಅಕ್ಷರ ಯಾವುದೆಂದು ಹುಡುಕಿದಳು.

“ಹೊಗಿ ಕಿಂಡಿ ಒಂದು ಅಂತ ಬರದೀರಿ. ಒಲಿ ಎರಡೂ ಬದಿಗೆ ಬರತಾವ. ಕಿಂಡಿ ಎರಡು ಬೇಕು.”

ತಪ್ಪು ಅಕ್ಷರದ್ದಲ್ಲ! ಖಾಜಾಸಾಬರು ಒಪ್ಪಿ ತಲೆಯಾಡಿಸಿದರು. ನಜಮಾ ಫೋನಿನಲ್ಲೇ ತಿದ್ದಿದಳು. ಅಲ್ಲಿಯೇ, ಅವರ ಕಣ್ಣೆದುರಿಗೇ ಹೊಸ ಪಿಡಿಎಫ್ ಇಳಿಯಿತು. ಪಕ್ಕದ ಝೆರಾಕ್ಸ್ ಅಂಗಡಿಯಿಂದ ಬಿಸಿಬಿಸಿ ಪ್ರತಿ ಬಂತು. ತಾರಾಬಾಯಿ ಹಾಳೆಯನ್ನು ಬೆಳಕಿಗೆ ಹಿಡಿದರು.

“ಎಷ್ಟು ಚಂದ ಬಂದಾವ್ರಿ ಅಕ್ಷರ! ಗದಗಿನ ಯಾವ ಪ್ರೆಸ್ಸಿನ್ಯಾಗ ಕಲಿತ ಮಷೀನ್ ಇದು?”

ನಜಮಾ ಬಾಯಿ ತೆರೆಯುವ ಮೊದಲೇ ಖಾಜಾಸಾಬರು ಹೇಳಿದರು: “ಮಷೀನ್ ಅಲ್ರಿ ಬಾಯಾರ. ನನ್ನ ಮಗಳು.”

ಸಹಿ ಆಯಿತು.

೫.

ಈಗ ಕೊನೆ. ಎರಡು ಬಗೆಯಲ್ಲಿ ಬರೆದು ನೋಡಿದೆ. ಮೊದಲನೆಯದರಲ್ಲಿ ನಜಮಾಳಿಗೆ ಸನ್ಮಾನ, ಶಾಲು. (“ಬ್ಯಾಡ್ರಿ.”) ಎರಡನೆಯದರಲ್ಲಿ ಖಾಜಾಸಾಬರು ಮಗಳ ತಲೆಯ ಮೇಲೆ ಕೈಯಿಟ್ಟು ಉದ್ದ ಭಾಷಣ ಮಾಡುತ್ತಾರೆ. (“ನಮ್ಮಬ್ಬಾ ಅಷ್ಟು ಮಾತಾಡಿದ್ರ ನಾ ಡಾಕ್ಟರನ್ನ ಕರೀತಿದ್ದೆ!”)

“ಹಾಗಾದರೆ ಹೇಗೆ ಮುಗಿಸಲಿ?”

“ಪಾಯಾನ ತೋಡಿಲ್ಲ ಇನ್ನಾ, ಮುಗಸೂದೇನು ಬಂತು?”

ಸರಿ, ನಡೆದದ್ದನ್ನೇ ಹೇಳುತ್ತೇನೆ. ಸಹಿಯಾದ ಮೇಲೆ ಎಲ್ಲರೂ ರೊಟ್ಟಿ ಕೇಂದ್ರದ ಜಾಗಕ್ಕೆ ಹೋದರು. ಖಾಜಾಸಾಬರು ಪಾಯದ ಗುರುತು ಹಾಕುವ ದಾರದ ಉಂಡೆ ತೆಗೆದು, ಎಂದೂ ಯಾರ ಕೈಗೂ ಕೊಡದ ಅದರ ತುದಿಯನ್ನು ಮಗಳಿಗೆ ಕೊಟ್ಟರು.

“ಬಿಗಿ ಹಿಡಿ. ಸಡಲ ಬಿಡಬ್ಯಾಡ.”

ನಜಮಾ ಎರಡೂ ಕೈಯಲ್ಲಿ ಹಿಡಿದಳು. ಅವರು ಉಂಡೆ ಬಿಚ್ಚುತ್ತ ಹೊರಟರು. ನಾನಿಲ್ಲಿ ಪೂರ್ಣವಿರಾಮ ಇಡಬೇಕು. ಆದರೆ ಖಾಜಾಸಾಬರು ಇನ್ನೂ ನಡೆಯುತ್ತಲೇ ಇದ್ದಾರೆ, ದಾರ ಇನ್ನೂ ಬಿಚ್ಚುತ್ತಲೇ ಇದೆ