ಹುಲ್ಲಿನ ಟೋಪಿ, ನೀಲಿ ರಿಬ್ಬನ್

ಫಾಲ್ಮತ್ ಬಂದರಿನಲ್ಲಿ ಈಗ ನೋಡಲು ಏನಿದೆ, ಮಣ್ಣು! ಹೊಗೆ ಉಗುಳುವ ಹಡಗುಗಳು ಬಂದವು, ಟಪಾಲೆಲ್ಲ ಸೌತಾಂಪ್ಟನ್ನಿನ ಪಾಲಾಯಿತು. ನಮ್ಮ ಕಾಲದಲ್ಲಿ ಟಪಾಲು ಹಡಗು ಹೊರಡುವ ದಿನ ಈ ಕಟ್ಟೆಯ ಮೇಲೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಹೆಂಗಸರು ಚೀಸು, ಬೂಟು, ಕಾಲುಚೀಲ ಎಲ್ಲವನ್ನೂ ನಮ್ಮ ಕೈಗೆ ತುರುಕಿ, "ಬಾರ್ಬಡೋಸಲ್ಲಿ ಒಳ್ಳೇ ಬೆಲೆಗೆ ಮಾರ್ಕೊಂಡ್ ಬಾರಪ್ಪ" ಎನ್ನುತ್ತಿದ್ದರು. ನಾವಿಕರ ಸಂಬಳ ಉಪ್ಪಿಗಾದರೆ ಸೊಪ್ಪಿಗಿಲ್ಲ. ಮನೆಗಳು ನಡೆಯುತ್ತಿದ್ದುದೇ ಈ ವ್ಯಾಪಾರದಿಂದ. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆ ಸಲ ನನ್ನ ಪೆಟ್ಟಿಗೆಯಲ್ಲಿದ್ದದ್ದು ಟ್ಯಾಮ್ಸಿನ್ ಹೆಣೆದು ತಾನೇ ತುಂಬಿಕೊಟ್ಟ ಹುಲ್ಲಿನ ಟೋಪಿಗಳು. ಅವಳಿಗೂ ನನಗೂ ಮದುವೆ ಗೊತ್ತಾಗಿತ್ತು, ಅದೂ ಎರಡನೇ ಬಾರಿ. ಮೊದಲ ಬಾರಿ ಮದುವೆಗೆ ಮುಂಚೆಯೇ, ನಮ್ಮೊಡನೆ ಯುದ್ಧದಲ್ಲಿದ್ದ ಫ್ರೆಂಚರು ನಮ್ಮ ಹಡಗು ಹಿಡಿದರು. ನಾನು ನಾಲ್ಕು ವರ್ಷ ಅವರ ಜೈಲಿನಲ್ಲಿ ಕೊಳೆತೆ. ಹಲ್ಲು ಉದುರಿ ಎಲುಬಿನ ಹಂದರವಾಗಿ ಬಂದವನನ್ನು ನೋಡಿ ಅವಳು ಒಂದು ತೊಟ್ಟು ಕಣ್ಣೀರು ಹಾಕಲಿಲ್ಲ.

"ಇನ್ನೊಂದ್ಸಲ ಸಿಕ್ಕಾಕ್ಕೊಂಡ್ರೆ ನಾನು ಕಾಯಲ್ಲ ಪ್ಯಾಸ್ಕೋ," ಎಂದಳು. "ಪಕ್ಕದೂರು ಪೆನ್ರಿನ್ನಿನ ಬಡಗಿ ಕೇಳ್ತಾ ಇದಾನೆ. ಅವನನ್ನೇ ಮಾಡ್ಕೋತೀನಿ."

ಟೋಪಿಗಳನ್ನು ಮಾರಿ ಬಂದ ಹಣದಲ್ಲಿ ಒಂದು ಬಾಡಿಗೆ ಮನೆ, ಆಮೇಲೆ ಮದುವೆ ಎಂದು ಮಾತಾಗಿತ್ತು. ಹೊರಡುವ ವಾರ ಏನನ್ನೋ ಹೊಲಿಯುತ್ತಿದ್ದವಳು ನನ್ನನ್ನು ಕಂಡೊಡನೆ ಏಪ್ರನ್ನಿನ ಕೆಳಗೆ ಬಚ್ಚಿಟ್ಟಳು. "ಇದು ಮದುವೆ ಟೋಪಿ. ಇಣುಕಿದ್ರೆ ಕಣ್ಣು ಕಿತ್ತೇನು." ಆದರೂ ಇಣುಕಿದೆ. ಕಡುನೀಲಿ ರಿಬ್ಬನ್ನು, ಅದರ ಅಂಚಿಗೆ ಬಿಳಿ ನೂಲಿನ ಪುಟ್ಟ ಹೂಗಳು.

ನಮ್ಮ 'ಹೋಪ್‌ವೆಲ್' ಬಾರ್ಬಡೋಸಿಗೆ ಇನ್ನೆರಡು ದಿನದ ದಾರಿಯಲ್ಲಿತ್ತು. ಬೆಳಿಗ್ಗೆ ಬೆನ್ನು ಹತ್ತಿದ ಫ್ರೆಂಚ್ ಲೂಟಿ ಹಡಗು ಮಧ್ಯಾಹ್ನಕ್ಕೆ ಹತ್ತಿರ ಬಂತು. ಕಳ್ಳರೇ, ಆದರೆ ಅವರ ಸರ್ಕಾರದ ಅಪ್ಪಣೆ ಇಟ್ಟುಕೊಂಡ ಕಳ್ಳರು. ನಮ್ಮ ಎರಡರಷ್ಟು ದೊಡ್ಡ ಹಡಗು, ಮೂರರಷ್ಟು ಜನ. ನಮಗಿದ್ದ ಅಪ್ಪಣೆ ಇಷ್ಟೇ: ಓಡಲಾದರೆ ಓಡು, ಆಗದಿದ್ದರೆ ಹೊಡೆದಾಡು, ಅದೂ ಆಗದಿದ್ದರೆ ಟಪಾಲನ್ನು ಮುಳುಗಿಸಿ ಶರಣಾಗು. ಅದಕ್ಕೆಂದೇ ತೊಗಲಿನ ಟಪಾಲು ಪೆಟ್ಟಿಗೆಗಳಿಗೆ ಕಬ್ಬಿಣದ ಗಟ್ಟಿ ಕಟ್ಟಿ ಹಿಂಬದಿಯಲ್ಲಿ ಇಟ್ಟಿರುತ್ತಿದ್ದೆವು.

ಅವರ ಗುಂಡಿಗೆ ನಮ್ಮ ದೊಡ್ಡ ಹಾಯಿ ಹರಿಯಿತು. ಇನ್ನು ಓಡುವ ಮಾತಿಲ್ಲ. ನನ್ನ ಕಣ್ಣ ಮುಂದೆ ಜೈಲಿನ ಗೋಡೆ ಬಂತು, ಆಮೇಲೆ ಆ ಹಾಳು ಬಡಗಿ ಬಂದ.

ಕ್ಯಾಪ್ಟನ್ ರೋಸ್ವಾರ್ನ್ ನಶ್ಯ ಏರಿಸಿಕೊಂಡು ಹೇಳಿದ: "ನಮ್ ಪದ್ಧತಿ ಅವರಿಗೂ ಗೊತ್ತು. ಟಪಾಲು ಪೆಟ್ಟಿಗೆ ನೀರಿಗೆ ಬಿತ್ತು ಅಂದ್ರೆ ನಾವು ಕೈಯೆತ್ತಿದ್ವಿ ಅಂತ. ಲೇ ಪ್ಯಾಸ್ಕೋ, ನಿನ್ ಪೆಟ್ಟಿಗೇನೂ ಅದೇ ಥರ ಇದೆಯಲ್ವೇನೋ?"

ಇತ್ತು. ಟಪಾಲು ಕಚೇರಿಯವರು ಬಿಸಾಕಿದ್ದ ಹಳೇ ಪೆಟ್ಟಿಗೆಯನ್ನೇ ನಾನು ತಂದುಕೊಂಡಿದ್ದೆ.

"ಅವಳ ಟೋಪಿ ಮುಳುಗಿಸಿ ಟ್ಯಾಮ್ಸಿನ್ ಮುಂದೆ ಹೋಗಿ ನಿಲ್ಲೋದಕ್ಕಿಂತ ಜೈಲೇ ವಾಸಿ ಕಣೋ," ಎಂದ ಅಡುಗೆಯ ಮುದುಕ ಹ್ಯಾನಿಬಲ್, ಹಡಗಿನವರಿಗೆಲ್ಲ ಮಾವ.

"ಬಾಯ್ಮುಚ್ಚು ಮಾವ," ಎಂದು ಪೆಟ್ಟಿಗೆ ತಂದು ಕಬ್ಬಿಣ ಕಟ್ಟಿದೆ.

"ಬಾವುಟ ಮೇಲೇ ಇರ್ಲಿ," ಎಂದ ಕ್ಯಾಪ್ಟನ್. "ಅದನ್ನ ಇಳಿಸಿ, ಶರಣು ಅಂತ ಹೇಳಿ ಮೋಸ ಮಾಡೋ ಜನ ಅಲ್ಲ ನಾವು. ಅವರು ತಲೆಯೆತ್ತಿ ನೋಡ್ದೇ ಇದ್ರೆ ಅವರ ಹಣೆಬರಹ."

ಇಬ್ಬರು ಪೆಟ್ಟಿಗೆಯನ್ನು ಎತ್ತಿ ಹಿಡಿದು, ಎಲ್ಲರಿಗೂ ಕಾಣುವಂತೆ ನೀರಿಗೆಸೆದರು. ಅದು ಗುಳುಗುಳು ಎಂದು ಮುಳುಗಿತು. ಫ್ರೆಂಚರು ಕೇಕೆ ಹಾಕಿದರು. ಫಿರಂಗಿಗಳನ್ನು ಬಿಟ್ಟು, ಲೂಟಿಗೆ ತಾನು ಮುಂದು ತಾನು ಮುಂದು ಎಂದು ಎಲ್ಲರೂ ಅಂಚಿಗೆ ನುಗ್ಗಿದರು. ಹಡಗು ಪಕ್ಕಕ್ಕೇ ಬರತೊಡಗಿತು. ನಾನು ಹಿತ್ತಾಳೆಯ ಫಿರಂಗಿಯ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದೆ. ಕಂಠಮಟ್ಟ ಗುಂಡು ತುಂಬಿದ್ದ ಅದರ ಮೇಲೆ ಹಾಯಿಬಟ್ಟೆ ಮುಚ್ಚಿತ್ತು. ನನ್ನ ಕೈಯಲ್ಲಿ ಉರಿಯುವ ಬತ್ತಿ. ಕ್ಯಾಪ್ಟನ್ ಹೂಂ ಅನ್ನುವುದೊಂದೇ ಬಾಕಿ.

ಆಗ ಎರಡು ಹಡಗುಗಳ ನಡುವೆ ಒಂದು ಟೋಪಿ ಮೇಲೆದ್ದಿತು. ಹಳೇ ಪೆಟ್ಟಿಗೆ, ಪಟ್ಟಿ ಹರಿದಿರಬೇಕು. ಅದರ ಹಿಂದೆ ಇನ್ನೊಂದು, ಮತ್ತೊಂದು. ಫ್ರೆಂಚನೊಬ್ಬ ಬೆರಳು ತೋರಿಸಿ ನಕ್ಕ. ಅವನ ಪಕ್ಕದವನು ನಗಲಿಲ್ಲ. ತಲೆಯೆತ್ತಿ ನಮ್ಮ ಬಾವುಟ ನೋಡಿದ.

ನಾನು ನೋಡುತ್ತಿದ್ದದ್ದು ಮೊದಲ ಟೋಪಿಯನ್ನು. ಕಡುನೀಲಿ ರಿಬ್ಬನ್ನು, ಬಿಳಿ ಹೂಗಳು. ಅಯ್ಯೋ ಹುಚ್ಚಿ, ತನ್ನ ಮದುವೆಯ ಟೋಪಿಯನ್ನೂ ಮಾರಲು ಕಳಿಸಿದ್ದಳು. ಅವಳು ಬರಿದಲೆಯಲ್ಲಿ ಮದುವೆಗೆ ನಿಲ್ಲಲು ತಯಾರಾಗಿದ್ದಾಳೆ, ನಾನು ಇಲ್ಲಿ ಈ ಮುಂಡೇವಕ್ಕೆ ಮತ್ತೆ ಸಿಕ್ಕಿಬೀಳುವುದೇ? ಕ್ಯಾಪ್ಟನ್ ಹೂಂ ಅಂದನೋ ಇಲ್ಲವೋ, ನಾನು ಬಟ್ಟೆ ಕಿತ್ತೆಸೆದು ಬತ್ತಿ ಮುಟ್ಟಿಸಿದೆ.

ಹೊಗೆ ಕರಗಿದಾಗ ಆ ಅಂಚಿನಲ್ಲಿ ನಿಂತವರು ಯಾರೂ ಇರಲಿಲ್ಲ. ಕ್ಯಾಪ್ಟನ್ ಕತ್ತಿ ಹಿಡಿದು ಆಚೆಗೆ ಹಾರಿದ, ನಾವೂ ಹಾರಿದೆವು. ಉಳಿದ ಫ್ರೆಂಚರು ಒಳಗೆ ಓಡಿ ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿಗೆಲ್ಲ ಅವರ ಬಾವುಟ ಕೆಳಗಿಳಿಯಿತು.

ನಾನು ಕ್ಯಾಪ್ಟನ್ನನ ಮುಂದೆ ನಿಂತು ಒಂದು ಗಳಿಗೆ ದೋಣಿ ಕೊಡಿ ಎಂದೆ.

"ರಾಜನ ಟಪಾಲು ಕಾಯ್ತಾ ಇದೆ, ನಿಂಗೆ ಟೋಪಿ ಬೇಕೇನೋ?" ಎಂದವನು ನಶ್ಯದ ಡಬ್ಬಿ ಹುಡುಕುವವನಂತೆ ಮುಖ ತಿರುಗಿಸಿದ. "ಹೋಗ್, ಬೇಗ ಬಾ." ಹ್ಯಾನಿಬಲ್ ಮಾವ ಹುಟ್ಟು ಹಾಕಿದ. ಆ ಒಂದೇ ಟೋಪಿ ಸಿಕ್ಕಿತು.

ಊರಿಗೆ ಬಂದಾಗ ಟ್ಯಾಮ್ಸಿನ್ ಇದೇ ಕಟ್ಟೆಯ ಮೇಲಿದ್ದಳು. ಅಂಗಿಯೊಳಗಿಂದ ಟೋಪಿ ತೆಗೆದು ಕೊಟ್ಟೆ. ಉಪ್ಪುನೀರಿಗೆ ಹಪ್ಪಳದಂತೆ ಸೆಟೆದಿತ್ತು.

"ಇದು ನಂದಲ್ಲ," ಎಂದಳು.

"ನಿಂದೇ. ನಾನು ಇಣುಕಿದ್ದೆ."

ನಾಲ್ಕು ವರ್ಷ ಅಳದವಳು ಹಗ್ಗದ ಸುರುಳಿಯ ಮೇಲೆ ಕುಸಿದು, ಊರೆಲ್ಲ ನೋಡುವಂತೆ ಅತ್ತಳು. ನನಗೇನು ಮಾಡಬೇಕೋ ತೋಚದೆ, "ಆ ಬಡಗಿ?" ಎಂದು ಕೇಳಿದೆ.

"ಬಡಗೀನೂ ಇಲ್ಲ, ಗಿಡಗೀನೂ ಇಲ್ಲ, ಹೋಗೋ," ಎಂದಳು.

ಹಿಡಿದ ಹಡಗಿನಿಂದ ನನ್ನ ಪಾಲಿಗೆ ಬಂದ ಹಣದಲ್ಲಿ ಮನೆ ಮಾಡಿದೆವು, ಸೆಟೆದ ಆ ಟೋಪಿಯಲ್ಲೇ ಮದುವೆಯಾಯಿತು. ಆಮೇಲೆ ಪ್ರತಿ ಭಾನುವಾರದ ಪ್ರಾರ್ಥನೆಗೂ ಅದೇ. ಕೊನೆಯ ಟಪಾಲು ಹಡಗು ಹೊರಟ ದಿನವೂ ಅದನ್ನೇ ಹಾಕಿಕೊಂಡು ನನ್ನ ತೋಳು ಹಿಡಿದು ನಿಂತಿದ್ದಳು.

ಹೋದ ಮಾರ್ಚಿನಲ್ಲಿ ಅವಳನ್ನು ಮಣ್ಣಿಗಿಡುವಾಗ ಟೋಪಿಯನ್ನು ನಾನೇ ಹಾಕಿದೆ. ಗದ್ದದ ಕೆಳಗೆ ರಿಬ್ಬನ್ನು ಕಟ್ಟಿದೆ. ಬಿಚ್ಚಿಹೋಗದಿರಲೆಂದು ಎರಡು ಗಂಟು ಹಾಕಿದೆ. ಎಲ್ಲರೂ ಮನೆಗೆ ಹೋದ ಮೇಲೆ ಈ ಕಟ್ಟೆಗೆ ಬಂದು, ಕತ್ತಲಾಗುವವರೆಗೂ ನೀರನ್ನೇ ನೋಡುತ್ತ ಕೂತಿದ್ದೆ, ಆ ಟೋಪಿ ಎಲ್ಲಾದರೂ ಮತ್ತೆ ಮೇಲೆ ಬಂದೀತೇನೋ ಎಂದು.