ಒಬ್ಬಳ ಅಳತೆಯ ಔಷಧಿ

ಔಷಧಿ ಸಿದ್ಧವಾಗುವಷ್ಟರಲ್ಲಿ ಕಾಯಿಲೆ ಕೈಮೀರಿತ್ತು. ತಾಯಿಯಿಲ್ಲದ ಮಗಳು ತೀರಿಕೊಂಡು ಎರಡು ತಿಂಗಳಾದ ಮೇಲೆ ದರ್ಜಿ ಪ್ರಯೋಗಾಲಯಕ್ಕೆ ಬಂದ. ಅವಳೊಬ್ಬಳಿಗೆಂದೇ ತಯಾರಿಸಿದ್ದ ಔಷಧಿಯ ಉಳಿದ ಮೂರು ಸೀಸೆಗಳನ್ನು ನಾಶಮಾಡಲು ಅವನ ಸಹಿ ಬೇಕಿತ್ತು. ಅವುಗಳ ಮೇಲೆ ಇನ್ನೂ ಅವಳದೇ ಹೆಸರು.

ಯಾರೋ ಬಿಟ್ಟುಹೋದ ಬಟ್ಟೆಯನ್ನೂ ಹೊಲಿಗೆ ಬಿಚ್ಚಿ ಇನ್ನೊಬ್ಬರ ಮೈಗೆ ಕೂರಿಸುವ ಕೈ ಅವನದು. ನಾಶದ ಮಾತು ಕೇಳಿಯೇ ಮೈಯುರಿಯಿತು.

"ಚೆಲ್ಲೋದ್ಯಾಕೆ ಮೇಡಂ? ಅಲ್ಲಿ ಇಲ್ಲಿ ಬಿಚ್ಚಿ ಬೇರೆ ಮಗುಗೆ ಹೊಂದಿಸೋಕಾಗಲ್ವಾ?"

ಔಷಧಿ ತಯಾರಿಸಿದವಳು ತಲೆಯಲ್ಲಾಡಿಸಿದಳು. "ಇಲ್ಲ ಅಣ್ಣಾ. ಜೀನಿನಿಂದ ಆರ್‌ಎನ್‌ಎ ಅಂತ ಒಂದು ನಕಲು ಹೊರಡುತ್ತೆ. ಅದನ್ನ ನೋಡ್ಕೊಂಡೇ ಜೀವಕೋಶ ಪ್ರೋಟೀನ್ ಮಾಡೋದು. ನಿಮ್ಮ ಮಗಳ ನಕಲಿನಲ್ಲಿ ಒಂದು ತಪ್ಪಿತ್ತು. ಈ ಔಷಧಿ ಆ ತಪ್ಪನ್ನೇ ಹುಡುಕಿ, ಅದರ ಮೇಲೆ ಅಂಟ್ಕೊಂಡು ಮುಚ್ಚುತ್ತೆ. ಆ ತಪ್ಪು ಇಲ್ಲದವರಲ್ಲಿ ಇದಕ್ಕೆ ಕೆಲಸವೇ ಇಲ್ಲ."

"ಅಂದ್ರೆ ಆ ತಪ್ಪು ಇನ್ಯಾರಲ್ಲೂ ಇಲ್ವಾ?"

ಅವಳು ಕಡತ ತಿರುವಿ ನೋಡಿದಳು.

"ನಮಗೆ ಗೊತ್ತಿರೋ ಹಾಗೆ ಇನ್ನೊಬ್ಬರಲ್ಲಿದೆ. ನಿಮ್ಮಲ್ಲಿ. ಅವಳಿಗೆ ಅದು ನಿಮ್ಮಿಂದ ಬಂದಿದ್ದು. ಅಮ್ಮನ ಕಡೆಯಿಂದ ಬೇರೊಂದು ತಪ್ಪು ಬಂತು, ಎರಡೂ ಸೇರಿ ಕಾಯಿಲೆ ಆಯ್ತು. ನಿಮ್ಮಲ್ಲಿ ಒಂದೇ ಇರೋದು, ಅದರಿಂದ ನಿಮಗೇನೂ ಆಗಲ್ಲ. ಔಷಧಿ ಬೇಕಾಗಿಲ್ಲ."

ದರ್ಜಿ ಸಹಿ ಹಾಕಿದ. ಆಮೇಲೆ, ಕೇಳದೆಯೇ, ಒಂದು ಸೀಸೆಯನ್ನೆತ್ತಿ ಅಂಗೈಯಲ್ಲಿ ಮುಚ್ಚಿಕೊಂಡ. ತಣ್ಣಗಿತ್ತು. ಇಷ್ಟು ದೊಡ್ಡ ಲೋಕದಲ್ಲಿ, ಮಗಳ ಮೈಯೆಂದುಕೊಂಡು ಆ ಔಷಧಿ ಅಂಟಿಕೊಳ್ಳಬಹುದಾಗಿದ್ದ ಮೈ ಅವನದೊಂದೇ ಉಳಿದಿತ್ತು.